ಗಾಡಿ ಖಾಲಿ ಇದ್ದಾಗಲೇ ಗೆಳೆಯರ ಊರಿಗೆ ಹೋಗಿ

ಈ ಸಲ ತಿರುಗಾಟದ ವಿಚಾರ. ಕೊನೆವರೆಗೂ ಓದಿ, ಬೆಳೆ ವಿಚಾರನೂ ಬರುತ್ತೆ.

ಸಂಕ್ರಾಂತಿ ಕಳೆದು ರಾಗಿ ಒಕ್ಕಣೆ ಮುಗಿದ ಮೇಲೆ ನಾನೂ ನಮ್ಮ ಮನೆಯೋರೂ ಟಾಟಾ ಏಸ್ ಹತ್ತಿ ಎರಡು ದಿನ ಸುತ್ತಿ ಬಂದ್ವಿ. ರಾಮನಗರದಿಂದ ಮಾಗಡಿ, ವಾಪಸ್ ಇಳಿದು ಚನ್ನಪಟ್ಟಣ, ಅಲ್ಲಿಂದ ಸಾತನೂರು, ಕನಕಪುರದ ಮೇಲೆ ಮನೆ. ಸುಮಾರು 150 ಕಿಲೋಮೀಟರ್. ಗಾಡೀಲಿ ಲೋಡ್ ಇಲ್ಲ, ಮದುವೆ ಇಲ್ಲ, ತಿಥಿ ಇಲ್ಲ. ಗೆಳೆಯರನ್ನ ನೋಡೋಕೆ ಹೊರಟಿದೀವಿ ಅಂದ್ರೆ ಯಾರೂ ನಂಬಲಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ವರ್ಷಕ್ಕೊಂದು ಸಲನಾದ್ರೂ ರೈತ ಹಿಂಗೆ ಹೋಗಲೇಬೇಕು.

ಈ ಮೂವರೂ ನನಗೆ ಪರಿಚಯ ಆಗಿದ್ದು ರಾಮನಗರದ ಗೂಡಿನ ಮಾರ್ಕೆಟ್‌ನಲ್ಲಿ. ಆಗ ರಾತ್ರಿನೇ ಗೂಡು ತಂದು, ಗೋಣಿಚೀಲ ಹಾಸ್ಕೊಂಡು ಮಲಗಿ, ಬೆಳಗಿನ ಹರಾಜಿಗೆ ಕಾಯ್ತಿದ್ವಿ. ಈಗ ಇ-ಹರಾಜು, ದುಡ್ಡು ಬ್ಯಾಂಕ್ ಖಾತೆಗೆ ಬೀಳುತ್ತೆ. ಅದು ಒಳ್ಳೇದೇ. ಆದ್ರೆ ಕೂತು ಮಾತಾಡೋ ರಾತ್ರಿಗಳು ಹೋದ್ವು.

ಮಾಗಡಿ ಗೆಳೆಯನ ಮನೇಲಿ ಮುದ್ದೆ, ಹಿತಕಿದ ಅವರೆಬೇಳೆ ಸಾರು. ಉಂಡಾದ ಮೇಲೆ ಹೊಲ ನೋಡೋಣ ನಡಿ ಅಂದೆ. ಅವನು ಎದ್ದೇಳಲಿಲ್ಲ. 3 ಎಕರೆಯಲ್ಲಿ 2 ಎಕರೆ ಹೋದ ವರ್ಷನೇ ಮಾರಿದಾನೆ, ಅಲ್ಲಿ ಸೈಟಿನ ಕಲ್ಲು ನೆಟ್ಟಿದಾರೆ. ಮಾಗಡಿ ಸೀಮೆಯೋನು ಅವರೆಕಾಯಿ ಸಂತೇಲಿ ಕೊಂಡು ನಮಗೆ ಊಟ ಹಾಕಿದ್ದ. ತಿಂಗಳಿಗೆ ಎರಡು ಸಲ ಫೋನಲ್ಲಿ ಮಾತಾಡ್ತಿದ್ವಿ, ಒಂದು ಮಾತೂ ಹೇಳಿರಲಿಲ್ಲ. "ಫೋನಲ್ಲಿ ಹೇಳೋ ಮಾತೇನೋ ಅದು?" ಅಂದ. ನಾನು ಒಂದು ವರ್ಷ ಮುಂಚೆ ಹೋಗಿದ್ರೆ? ಸಾಲದ ಲೆಕ್ಕ ಕೂತು ಹಾಕಿದ್ರೆ ಒಂದು ಎಕರೆನಾದ್ರೂ ಉಳೀತಿತ್ತೇನೋ. ಮನೆಯೋರು ದಾರಿ ಉದ್ದಕ್ಕೂ ಇದನ್ನೇ ಹೇಳಿದ್ರು, ನನ್ನ ಹತ್ರ ಉತ್ತರ ಇರಲಿಲ್ಲ.

ಚನ್ನಪಟ್ಟಣದಲ್ಲಿ ಸಮಾಧಾನ ಆಯ್ತು. ಇಗ್ಗಲೂರು ಬ್ಯಾರೇಜಿನ ನೀರು ಕೆರೆಗೆ ಬಂದ ಮೇಲೆ ಬೋರ್‌ವೆಲ್ ಎದ್ದಿದೆ, ತೋಟ ಹಸಿರಾಗಿದೆ. ತೆಂಗಿನ ಪಾತಿಗೆ ಕಾಯಿಸಿಪ್ಪೆ ಬೋರಲು ಹಾಕಿ ಮುಚ್ಚಿದಾನೆ, ಕೆದಕಿ ನೋಡಿದೆ, ಒಳಗೆ ತೇವ ಹಂಗೇ ಇತ್ತು. ಬಂದ ವಾರವೇ ನಾನೂ ಮಾಡಿದೆ.

ಸಾತನೂರು ಕಡೆಯ ಗೆಳೆಯನ ಹುಳದ ಮನೆ ಖಾಲಿ. ಎರಡು ಬೆಳೆ ಸಾಲಾಗಿ ಹೋಗಿತ್ತು, ಒಂದೊಂದಕ್ಕೂ 150 ಮೊಟ್ಟೆ. ಹುಳ ತಲೆ ಎತ್ತಿ, ಬಾಯಲ್ಲಿ ನೀರು ಕಕ್ಕಿ, ಸುರುಟ್ಕೊಂಡು ಸತ್ತವಂತೆ. ರೋಗ ಅಂದ್ಕೊಂಡು ಎರಡೂ ಸಲ ಮನೆ ತೊಳೆದು ಔಷಧಿ ಹೊಡೆದಿದಾನೆ. ಹಿಪ್ಪುನೇರಳೆ ಕಿತ್ತು ಹಾಕ್ತೀನಿ, ಬ್ರೋಕರ್‌ಗೂ ಹೇಳಿದೀನಿ ಅಂದ. ತೋಟ ಸುತ್ತಿದ್ವಿ. ಬೇಲಿ ಆಚೆ ಪಕ್ಕದೋರ ಮಾವು, ಹೂವಿಗೆ ಬಂದಿದೆ, ಜಿಗಿಹುಳಕ್ಕೆ ಔಷಧಿ ಹೊಡೀತಾರೆ. ಗಾಳಿ ಈ ಕಡೆಗೇ. ದಿನಾ ನೋಡೋ ಬೇಲಿ ಅವನ ಕಣ್ಣಿಗೆ ಬಿದ್ದಿರಲಿಲ್ಲ, ಹೊಸಬ ನನಗೆ ಕಾಣಿಸ್ತು. ಇಬ್ಬರೂ ಪಕ್ಕದೋರ ಮನೆಗೆ ಹೋದ್ವಿ. ಜಗಳ ಆಗಲಿಲ್ಲ, ಕಾಫಿ ಕೊಟ್ರು. ಹೊಡೆಯೋ ಹಿಂದಿನ ದಿನ ಹೇಳ್ತೀವಿ ಅಂದ್ರು. ಬೇಲಿ ಪಕ್ಕದ ಸಾಲುಗಳ ಸೊಪ್ಪನ್ನ ಹುಳಕ್ಕೂ ಹಾಕಬೇಡ, ಹಸುಗೂ ಹಾಕಬೇಡ ಅಂತ ಇವನಿಗೆ ಹೇಳಿ ಬಂದೆ. ಈಗ ಹೊಸ ಬೆಳೆ ಸಾಕ್ತಿದಾನೆ, ಹುಳ ನಾಲ್ಕನೇ ಜ್ವರ ಎದ್ದಿದೆ. ಗೂಡು ಕಟ್ಟೋವರೆಗೂ ಏನೂ ಹೇಳೋಕಾಗಲ್ಲ.

ಇದೆಲ್ಲ ಶೋಕಿ, ಹಾಲು ಕರೆಯೋರು ಯಾರು ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಪಕ್ಕದ ಮನೆಯೋರು ಎರಡು ದಿನ ನಮ್ಮ ಹಸು ಕರೆದು ಡೈರಿಗೆ ಹಾಕಿದ್ರು. ಮುಂದಿನ ತಿಂಗಳು ಅವರು ಹೋಗ್ತಾರೆ, ನಾವು ಕರೀತೀವಿ. ಖರ್ಚು ಡೀಸೆಲ್ ಒಂದೇ. ಇಂಗ್ಲೆಂಡಿನಲ್ಲಿ ಜನ ವ್ಯಾನಲ್ಲೇ ಹಾಸಿಗೆ, ಒಲೆ ಇಟ್ಕೊಂಡು ಹಳ್ಳಿ ಹಳ್ಳಿ ಸುತ್ತಿ ಹಳೇ ಗೆಳೆಯರನ್ನ ನೋಡೋ ವಿಡಿಯೋ ಮಗ ತೋರಿಸಿದ. ಅಲ್ಲಿ 2006ರಿಂದ ವರ್ಷಕ್ಕೊಂದು ಭಾನುವಾರ ರೈತರೇ ತೋಟದ ಗೇಟು ತೆಗೆದು ಜನರನ್ನ ಕರೀತಾರೆ. ನಮಗೆ ಹಾಸಿಗೆ, ಒಲೆ ಯಾಕೆ? ಯಾವ ಗೆಳೆಯ ಊಟ ಹಾಕದೆ ಕಳಿಸ್ತಾನೆ?

2007ರಲ್ಲಿ ರಾಮನಗರ ಜಿಲ್ಲೆ ಆಯ್ತು, 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬಂತು. ಜಮೀನು ಕೊಳ್ಳೋರು ಹೆಸರಿಗೆ ಕಾಯಲಿಲ್ಲ, ಮೊದಲೇ ಬಂದಿದ್ರು. ಅವರು ನಮ್ಮ ಗೆಳೆಯರ ಮನೆಗೆ ತಿಂಗಳಿಗೆ ಮೂರು ಸಲ ಹೋಗ್ತಾರೆ. ನಾವು ಹೋಗೋದು ಮದುವೆಗೆ, ಸಾವಿಗೆ.

ಈ ತಿಂಗಳಲ್ಲೇ ಒಂದು ದಿನ ಬಿಡುವು ಮಾಡ್ಕೊಳ್ಳಿ. ಮನೆಯೋರನ್ನೂ ಕರ್ಕೊಂಡು ಹೋಗಿ, ಒಳಗಿನ ಕಷ್ಟ ಹೆಂಗಸರ ಮಾತಲ್ಲೇ ಮೊದಲು ಹೊರಗೆ ಬರೋದು. ಊಟ ಆದ ಮೇಲೆ ಜಗಲಿ ಮೇಲೆ ಕೂತು ಎದ್ದು ಬರಬೇಡಿ, ಬೇಲಿವರೆಗೂ ನಡೀರಿ.