ಮೂರು ಗಂಟೆಯ ವೆನಿಸ್

ಮಗಳಿಗೆ ಹದಿನಾರು ತುಂಬಿದೆ. ಹತ್ತನೆಯ ತರಗತಿ ಮುಗಿದ ಮೇಲೆ ವಿದೇಶದ ಒಂದು ನಗರವನ್ನು ತೋರಿಸುವೆನೆಂದು ಎಂದೋ ಕೊಟ್ಟ ಮಾತನ್ನು ಅವಳು ಮರೆತಿಲ್ಲ. ಅವಳು ಆರಿಸಿಕೊಂಡದ್ದು ಇಟಲಿಯ ವೆನಿಸ್. ಪ್ರವಾಸದ ಏಜೆಂಟರೊಬ್ಬರು ಕಳುಹಿಸಿದ ಪಟ್ಟಿಯಲ್ಲಿ ಹತ್ತು ದಿನಕ್ಕೆ ಏಳು ನಗರಗಳಿದ್ದವು. ವೆನಿಸ್‌ಗೆ ಮೀಸಲಾದದ್ದು ಮೂರು ಗಂಟೆ.

ಈ ಮೂರು ಗಂಟೆಯ ಅತಿಥಿಗಳನ್ನು ಮಲೆನಾಡಿಗರಾದ ನಾವು ಚೆನ್ನಾಗಿ ಬಲ್ಲೆವು. ಶನಿವಾರ ಬೆಳಗ್ಗೆ ಬಂದು, ಬೆಟ್ಟದ ನೆತ್ತಿಯಲ್ಲಿ ಚಿತ್ರ ತೆಗೆಸಿಕೊಂಡು, ಹಳ್ಳದಲ್ಲಿ ಬಾಟಲಿ ಬಿಟ್ಟು, ನಮ್ಮೂರಿನ ಹೆಸರನ್ನೂ ಕೇಳದೆ ಹೊರಟುಹೋಗುವವರು ಅವರು. ಇವರಿಗೊಂದು ಮಿತಿ ಬೇಕೆಂದು ನಾವು ವರ್ಷಗಳಿಂದ ಕೂಗುತ್ತಿದ್ದೇವೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಕಿಕ್ಕಿರಿದ ಮೇಲೆ, ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಗಳನ್ನು ಅರಣ್ಯ ಇಲಾಖೆ ತಡೆಹಿಡಿದಾಗ ನಾವು ಸ್ವಾಗತಿಸಿದೆವು. ಅದೇ ವರ್ಷದ ಮೇ ತಿಂಗಳಲ್ಲಿ ನ್ಯಾಯಾಲಯದ ಆದೇಶದಂತೆ ನೀಲಗಿರಿ, ಕೊಡೈಕೆನಾಲ್‌ಗಳಿಗೆ ಇ-ಪಾಸ್ ಬಂದಾಗಲೂ ಸ್ವಾಗತಿಸಿದೆವು. ಈಗ ಅಡಿಕೆ, ಕಾಫಿಗೆ ಒಳ್ಳೆಯ ಬೆಲೆ ಸಿಕ್ಕ ವರ್ಷ ನಮ್ಮವರೇ ಕೈಯಲ್ಲಿ ಪಟ್ಟಿ ಹಿಡಿದು ಪರರ ಊರಿಗೆ ಹೊರಟಿದ್ದಾರೆ. ನಮ್ಮೂರಿಗೆ ಬೇಡವಾದ ಪ್ರವಾಸ ಪರರೂರಿಗೆ ಹೇಗೆ ಒಳ್ಳೆಯದಾದೀತು? ಈ ಪ್ರಶ್ನೆಯನ್ನು ನಾವು ಇನ್ನೂ ಕೇಳಿಕೊಂಡಿಲ್ಲ.

ವೆನಿಸ್‌ನ ಲೆಕ್ಕವನ್ನೇ ನೋಡಿ. 1951ರಲ್ಲಿ ಆ ದ್ವೀಪನಗರದಲ್ಲಿ ಸುಮಾರು 1,75,000 ಜನ ವಾಸವಿದ್ದರು. 2022ರ ಹೊತ್ತಿಗೆ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಮನೆಗಳು ಪ್ರವಾಸಿಗರ ತಂಗುದಾಣಗಳಾದವು. ದಿನಸಿಯಂಗಡಿಗಳಿದ್ದಲ್ಲಿ ಮುಖವಾಡ ಮಾರುವ ಅಂಗಡಿಗಳು ಬಂದವು. ನಾಗರಿಕರ ದೀರ್ಘ ಹೋರಾಟದ ಫಲವಾಗಿ 2021ರ ಆಗಸ್ಟ್‌ನಿಂದ ದೈತ್ಯ ವಿಹಾರ ಹಡಗುಗಳಿಗೆ ಸಂತ ಮಾರ್ಕನ ಚೌಕದ ಮುಂದಿನ ಜಲಮಾರ್ಗ ಮುಚ್ಚಿತು. 2024ರ ಏಪ್ರಿಲ್ 25ರಿಂದ, ಆಯ್ದ 29 ದಿನಗಳಲ್ಲಿ, ರಾತ್ರಿ ಉಳಿಯದೆ ಬಂದುಹೋಗುವವರಿಗೆ 5 ಯೂರೋ ಪ್ರವೇಶ ಶುಲ್ಕ ವಿಧಿಸಲಾಯಿತು. 2025ರಲ್ಲಿ ಆ ದಿನಗಳು 54ಕ್ಕೇರಿದವು. ತಡವಾಗಿ ನೋಂದಾಯಿಸಿದವರಿಗೆ ಶುಲ್ಕ 10 ಯೂರೋ ಆಯಿತು. ಲಕ್ಷಗಟ್ಟಲೆ ಖರ್ಚು ಮಾಡಿ ಬರುವವನನ್ನು ಐದು ಯೂರೋ ತಡೆದೀತೆ? ಟೋಲ್ ಗೇಟು ಹಾಕಿದ ಮಾತ್ರಕ್ಕೆ ಊರು ಉಳಿಯುವುದಿಲ್ಲವೆಂಬುದನ್ನು ನಮ್ಮ ಘಟ್ಟದ ರಸ್ತೆಗಳೇ ಹೇಳುತ್ತವೆ. ಆದರೆ ಆ ನಿಯಮದಲ್ಲಿ ಒಂದು ವಿವೇಕವಿದೆ: ರಾತ್ರಿ ಉಳಿಯುವವನಿಗೆ ಈ ಶುಲ್ಕವಿಲ್ಲ.

ಹಾಗಾದರೆ ಹೋಗಲೇಬೇಡಿ ಎನ್ನುವ ಮಿತ್ರರಿದ್ದಾರೆ. ವಿಮಾನ ಉಗುಳುವ ಹೊಗೆ ಸುಳ್ಳಲ್ಲ. ಅದಕ್ಕೆ ನನ್ನಲ್ಲಿ ಸಮಜಾಯಿಷಿಯಿಲ್ಲ. ಅಪರೂಪಕ್ಕೊಮ್ಮೆ ಹೋಗಬೇಕು, ಒಂದೇ ಊರಿಗೆ ಹೋಗಬೇಕು ಎನ್ನುವುದು ಅದಕ್ಕಾಗಿಯೇ. ಆದರೆ ಈ ಸಂಯಮದ ಬೋಧೆ ನಮ್ಮ ಮನೆಗಳಲ್ಲಿ ಗಂಡುಮಕ್ಕಳಿಗಿಂತ ಮೊದಲು ಹೆಣ್ಣುಮಕ್ಕಳಿಗೆ ಸಲ್ಲುತ್ತದೆ. ಮಗ ಹೊರಟರೆ ಲೋಕಾನುಭವ, ಮಗಳು ಹೊರಟರೆ ದುಂದುವೆಚ್ಚ ಎನ್ನುವ ಪರಿಸರವಾದವನ್ನು ನಾನು ಒಪ್ಪಲಾರೆ. ಅವಳು ಲೋಕವನ್ನು ನೋಡಬೇಕು. ನೋಡುವುದೆಂದರೆ ಏನೆಂಬುದು ಮಾತ್ರ ಪ್ರಶ್ನೆ.

ವೆನಿಸ್‌ನ ಚೌಕಗಳಲ್ಲಿ ಕೆತ್ತನೆಯ ಕಲ್ಲಿನ ಬಾವಿಕಟ್ಟೆಗಳಿವೆ. ಅವು ಅಂತರ್ಜಲದ ಬಾವಿಗಳಲ್ಲ. ಸುತ್ತಲೂ ಉಪ್ಪುನೀರಿರುವ ಆ ಊರು ಮಳೆನೀರನ್ನು ಚೌಕದ ನೆಲದಡಿಯ ಮರಳಿನಲ್ಲಿ ಸೋಸಿ ಕುಡಿದು ಬದುಕಿತು. ಮುಖ್ಯಭೂಮಿಯಿಂದ ಕೊಳವೆ ನೀರು ಬಂದದ್ದು 1884ರಲ್ಲಿ. ಇಂಗುಗುಂಡಿ ತೋಡುವ ನಮ್ಮ ಮಕ್ಕಳು ನೋಡಬೇಕಾದದ್ದು ಇದನ್ನು. ಮೂರು ಗಂಟೆಯವರು ಆ ಕಟ್ಟೆಯ ಮೇಲೆ ಐಸ್‌ಕ್ರೀಮ್ ಇಟ್ಟು ಹೋಗುತ್ತಾರೆ.

ಇನ್ನೊಂದು ಸಂಗತಿ ಕಣ್ಣಿಗೇ ಕಾಣದು. ಆ ನಗರ ನಿಂತಿರುವುದು ಕೆಸರಿನಲ್ಲಿ ಹೂತ ಮರದ ಗೂಟಗಳ ಮೇಲೆ. ಉತ್ತರದ ಬೆಟ್ಟಗಳಲ್ಲಿ ಕಡಿದ ಮರಗಳನ್ನು ತೆಪ್ಪಗಳಾಗಿ ಕಟ್ಟಿ ಪಿಯಾವೆ ನದಿಯಲ್ಲಿ ತೇಲಿಬಿಟ್ಟು ತರುತ್ತಿದ್ದರು. ಬಯಲಿನ ಬೆಡಗಿಗೆ ಬೆಟ್ಟ ಮರ ಕೊಟ್ಟಿತು. ಇಪ್ಪತ್ತನೆಯ ಶತಮಾನದಲ್ಲಿ ವಿದ್ಯುತ್ತನ್ನೂ ಕೊಡಬೇಕಾಯಿತು. ಪಿಯಾವೆಯನ್ನು ಸೇರುವ ವಯೊಂಟ್ ಹಳ್ಳಕ್ಕೆ 260 ಮೀಟರಿಗೂ ಎತ್ತರದ ಅಣೆಕಟ್ಟು ಕಟ್ಟಿದರು. ಪಕ್ಕದ ಟೊಕ್ ಬೆಟ್ಟ ಜಾರುತ್ತದೆಂದು ಹಳ್ಳಿಗರು ಹೇಳಿದರು. ಅವರ ಮಾತನ್ನು ಪತ್ರಿಕೆಯಲ್ಲಿ ಬರೆದ ಟೀನಾ ಮೆರ್ಲಿನ್ ಎಂಬ ಪತ್ರಕರ್ತೆಯ ಮೇಲೆ ಸುಳ್ಳು ಸುದ್ದಿ ಹರಡಿದ ಮೊಕದ್ದಮೆ ಹೂಡಲಾಯಿತು. 1960ರಲ್ಲಿ ನ್ಯಾಯಾಲಯ ಆಕೆಯನ್ನು ಖುಲಾಸೆಗೊಳಿಸಿತು. ಅಣೆಕಟ್ಟಿನ ಕೆಲಸ ಮಾತ್ರ ನಿಲ್ಲಲಿಲ್ಲ. 1963ರ ಅಕ್ಟೋಬರ್ 9ರ ರಾತ್ರಿ ಬೆಟ್ಟದ ಮಗ್ಗುಲು ಜಲಾಶಯಕ್ಕೆ ಕುಸಿಯಿತು. ಕಟ್ಟೆ ಒಡೆಯಲಿಲ್ಲ, ಅದನ್ನು ಹಾರಿ ಬಂದ ಅಲೆ ಲೊಂಗರೋನೆ ಪಟ್ಟಣವನ್ನೂ ನೆರೆಯ ಹಳ್ಳಿಗಳನ್ನೂ ಅಳಿಸಿತು. ಸತ್ತವರು ಎರಡು ಸಾವಿರದಷ್ಟು. ಆ ಗೋಡೆ ಇಂದಿಗೂ ನಿಂತಿದೆ. ವೆನಿಸ್‌ನಿಂದ ಅಲ್ಲಿಗೆ ಸುಮಾರು ನೂರು ಕಿಲೋಮೀಟರು. ಲೊಂಗರೋನೆಗೆ ರೈಲಿದೆ. ಏಜೆಂಟರ ಪಟ್ಟಿಯಲ್ಲಿ ಅದರ ಹೆಸರಿಲ್ಲ.

ಅದರ ಮರುವರ್ಷ, 1964ರಲ್ಲಿ, ನಮ್ಮ ಲಿಂಗನಮಕ್ಕಿ ಪೂರ್ಣಗೊಂಡಿತು. ಶರಾವತಿಯ ಬೆಳಕು ದೂರದ ನಗರಗಳಿಗೆ ಹೋಯಿತು. ಮುಳುಗಿದ ಊರಿನವರು ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಕಚೇರಿಯಿಂದ ಕಚೇರಿಗೆ ಅಲೆದರು. ಜೋಗ ನೋಡಲು ಬರುವವರಲ್ಲಿ ಆ ಊರುಗಳ ಹೆಸರು ಕೇಳುವವರೆಷ್ಟು ಮಂದಿ? ಕೇಳದವರ ಮೇಲೆ ಸಿಟ್ಟಾಗುವ ಹಕ್ಕು ನಮಗಿರಬೇಕಾದರೆ, ವೆನಿಸ್‌ಗೆ ಹೋದಾಗ ಲೊಂಗರೋನೆಯ ಹೆಸರನ್ನು ನಾವು ಕೇಳಬೇಕು.

ಪಟ್ಟಿಯನ್ನು ಹಿಂದಿರುಗಿಸಿದ್ದೇವೆ. ಒಂದೇ ನಗರ, ಆರು ರಾತ್ರಿ; ಅಲ್ಲಿನವರೇ ನಡೆಸುವ ಸಣ್ಣ ತಂಗುಮನೆ; ಓಡಾಟ ಕಾಲ್ನಡಿಗೆಯಲ್ಲಿ, ಇಲ್ಲವೆ ಊರಿನವರು ಹತ್ತುವ ದೋಣಿಯಲ್ಲಿ. ಒಂದು ದಿನ ಬೆಟ್ಟದ ರೈಲು. ವೀಸಾ ಅರ್ಜಿಗೆ ತಂದೆತಾಯಿ ಇಬ್ಬರ ಒಪ್ಪಿಗೆಯ ಸಹಿ ಬೇಕು, ಅದೂ ಆಗಿದೆ. ಗೊಂಡೋಲದಲ್ಲಿ ಒಮ್ಮೆ ಕೂರಲೇಬೇಕೆಂದು ಮಗಳು ಹಟ ಹಿಡಿದಳು, ನಾನು ಸೋತೆ. ಅಣೆಕಟ್ಟು ನೋಡಲು ಒಂದು ದಿನ ಕಳೆಯಬೇಕೇಕೆಂದು ಅವಳು ಈಗಲೂ ಗೊಣಗುತ್ತಾಳೆ. ಗೊಣಗಲಿ. ಅಲ್ಲಿ ನಿಂತ ಮೇಲೆ ಅವಳಿಗೇ ಹೇಳಲು ಏನಾದರೂ ಇದ್ದೀತು.

ವಿದ್ಯಾರ್ಥಿ ಮಿತ್ರರೆ, ಮೈಸೂರಿಗಾಗಲಿ, ಮುಂಬಯಿಗಾಗಲಿ, ವೆನಿಸ್‌ಗಾಗಲಿ ಹೋಗಿ. ಹೋಗುವ ಮುನ್ನ ಮೂರು ಪ್ರಶ್ನೆ ಬರೆದಿಟ್ಟುಕೊಳ್ಳಿ: ಆ ಊರಿಗೆ ನೀರು ಎಲ್ಲಿಂದ ಬರುತ್ತದೆ, ಕಸ ಎಲ್ಲಿಗೆ ಹೋಗುತ್ತದೆ, ಅದಕ್ಕೆ ಬೆಲೆ ತೆತ್ತ ಬೆಟ್ಟ ಯಾವುದು? ಉತ್ತರ ತಿಳಿಯುವವರೆಗೆ ಅಲ್ಲಿ ಉಳಿಯಿರಿ. ಅಷ್ಟು ದಿನ ಉಳಿಯಲು ಸಾಧ್ಯವಿಲ್ಲದಿದ್ದರೆ, ಹಣ ಕೂಡುವವರೆಗೆ ಕಾಯಿರಿ. ನಮ್ಮ ಬೆಟ್ಟಕ್ಕೆ ಬರುವವರಿಂದ ನಾವು ಕೇಳುತ್ತಿರುವುದೂ ಇಷ್ಟನ್ನೇ.