ಗೇರ್ ಬಾಕ್ಸಿನ ಗೋಳು

ತೊಗರಿಯ ರಾಶಿ ಮುಗಿದ ಹೊತ್ತಿನಲ್ಲಿ, ಕಳೆದ ಚಳಿಗಾಲ, ಕೊಡ್ಲಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಹೊಸ್ತಿಲು ದಾಟುವ ಮೊದಲೇ ಕಣ್ಣಿಗೆ ಬಿದ್ದದ್ದು ಬೇವಿನ ಮರದ ಕೆಳಗೆ ನಿಂತಿದ್ದ ಭಾವನವರ ಅಂಬಾಸಡರ್ ಕಾರು. 1984ರ ಗಾಡಿ, ಗೇರಿನ ಹಿಡಿಕೆ ಸ್ಟಿಯರಿಂಗ್ ಚಕ್ರದ ಮಗ್ಗುಲಲ್ಲಿಯೇ ಇರುವಂಥದು. ಮೈಮೇಲೆ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಧೂಳು ಕುಳಿತಿತ್ತು.

"ಗೇರ್ ಬಾಕ್ಸ್ ಹೋಗ್ಯಾದ. ಗುಜರಿಯವನಿಗೆ ಹೇಳಿ ಕಳಿಸೀನಿ, ಸೋಮವಾರ ಬರ್ತಾನ" ಎಂದರು ಭಾವ, ನಾನು ಕೇಳುವುದಕ್ಕೆ ಮುಂಚೆಯೇ.

ಅಕ್ಕ ಚಹದ ಬಟ್ಟಲು ಕೈಗಿಟ್ಟು, "ಗುಜರಿಯವನು ಬರ್ತಾನ, ಖರೆ. ಅತ್ತೀನ್ನ ಕಲಬುರಗಿಗೆ ಕರ್ಕೊಂಡು ಹೋಗೋರು ಯಾರು, ಅವನೇ ಏನು?" ಎಂದಳು.

ಪ್ರಶ್ನೆ ನ್ಯಾಯವಾದುದು. ಅಕ್ಕನ ಅತ್ತೆಯವರಿಗೆ ಎಂಬತ್ತು ದಾಟಿದೆ, ಮೊಣಕಾಲು ಮಡಿಸಲಾರರು. ಹದಿನೈದು ದಿನಕ್ಕೊಮ್ಮೆ ಚಿಕಿತ್ಸೆಗೆ ಕಲಬುರಗಿಗೆ ಹೋಗಲೇಬೇಕು. ಇಂದಿನ ಸಣ್ಣ ಕಾರುಗಳಲ್ಲಿ ಬಾವಿಗಿಳಿದಂತೆ ಇಳಿದು ಕುಳಿತುಕೊಳ್ಳಬೇಕು. ಜೀಪಿಗೆ ಅಟ್ಟ ಏರಿದಂತೆ ಏರಬೇಕು. ಅಂಬಾಸಡರಿನ ಅಗಲವಾದ ಬಾಗಿಲಲ್ಲಿ ಮಾತ್ರ ಅವರು ಕುರ್ಚಿಯ ಮೇಲೆ ಕುಳಿತಂತೆ ನೆಟ್ಟಗೆ ಕುಳಿತುಕೊಳ್ಳಬಲ್ಲರು. ಸಮೀಪದ ಪಟ್ಟಣದ ಗ್ಯಾರೇಜೊಂದರಲ್ಲಿ ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡಿದವರು, ಇಡೀ ಗೇರ್ ಬಾಕ್ಸನ್ನೇ ಬದಲಿಸಬೇಕೆಂದು ಹೇಳಿ, ಕಾರಿನ ಬೆಲೆಗಿಂತ ಹೆಚ್ಚಿನ ಮೊತ್ತವನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಭಾವನವರು ಕೈಚೆಲ್ಲಿದ್ದು ಆ ಚೀಟಿಯನ್ನು ನೋಡಿ.

ಕಾರಿನ ಮೇಲಿದ್ದ ದೂರುಗಳು ಮೂರು. ಗೇರು ಬದಲಿಸುವಾಗ ಕರ್ರನೆ ಹಲ್ಲು ಕಡಿಯುತ್ತಿತ್ತು. ಚಿಂಚೋಳಿಯ ಕಡೆಯ ಇಳಿಜಾರುಗಳಲ್ಲಿ ಆಕ್ಸಲರೇಟರಿನಿಂದ ಕಾಲು ತೆಗೆದೊಡನೆ ಮೂರನೆಯ ಗೇರು ತಾನಾಗಿಯೇ ಕಳಚಿ ಹಿಡಿಕೆ ನಡುವಿಗೆ ಬಂದು ನಿಲ್ಲುತ್ತಿತ್ತು. ಓಡುವಾಗ ತುಂಬಿದ ಗಿರಣಿಯಂತೆ ಗುಂಯ್‌ಗುಡುತ್ತಿತ್ತು. ಮೂರೂ ಗೇರ್ ಬಾಕ್ಸಿನವೇ ಎಂದು ಯಾರಿಗಾದರೂ ತೋರುವುದು ಸಹಜ.

ಈ ಪೆಟ್ಟಿಗೆಯೊಳಗೆ ನಡೆಯುವುದೇನೆಂದು ಎರಡು ಮಾತು ಹೇಳಬೇಕು. ಎಂಜಿನ್ನಿನಿಂದ ಬರುವ ದಂಡವು ಒಳಗೆ ಬಂದು, ಕೆಳಗಿರುವ ಲೇ ಷಾಫ್ಟಿನ ಚಕ್ರಗಳನ್ನು ಸದಾ ತಿರುಗಿಸುತ್ತಿರುತ್ತದೆ. ಆ ಚಕ್ರಗಳು ಮೇಲಿನ ಮುಖ್ಯ ದಂಡದ ಮೇಲಿರುವ ಎರಡನೆಯ ಮತ್ತು ಮೂರನೆಯ ಗೇರುಗಳನ್ನು ತಿರುಗಿಸುತ್ತವೆ. ಆದರೆ ಅವು ದಂಡಕ್ಕೆ ಅಂಟಿಕೊಳ್ಳದೆ ಬರಿದೇ ಸುತ್ತುತ್ತವೆ. ನಾವು ಹಿಡಿಕೆ ಎಳೆದಾಗ ಅವುಗಳಲ್ಲೊಂದನ್ನು ದಂಡಕ್ಕೆ ಕೀಲಿಸುತ್ತೇವೆ, ಅಷ್ಟೆ. ನಾಲ್ಕನೆಯದು ಬೇರೆ ಬಗೆ: ಅಲ್ಲಿ ಎಂಜಿನ್ನಿನ ದಂಡವು ಮುಖ್ಯ ದಂಡಕ್ಕೆ ನೇರವಾಗಿ ಕೂಡಿಕೊಳ್ಳುತ್ತದೆ. ಲೇ ಷಾಫ್ಟು ಸುತ್ತುತ್ತಿದ್ದರೂ ಅದರ ಮೇಲೆ ಭಾರವಿರುವುದಿಲ್ಲ. ವಾಚಕರು ಇದೊಂದನ್ನು ನೆನಪಿನಲ್ಲಿಡಬೇಕು. ಮುಂದೆ ಉಪಯೋಗಕ್ಕೆ ಬರುತ್ತದೆ.

ಕೀಲಿಸುವಾಗ ಎರಡರ ವೇಗವೂ ಒಂದಾಗಿರಬೇಕು. ಓಡುವ ಬಸ್ಸನ್ನು ಹತ್ತುವವನು ಒಂದಷ್ಟು ದೂರ ಅದರ ಜೊತೆಗೆ ಓಡಿ ಆಮೇಲೆ ಕಾಲಿಡುತ್ತಾನಲ್ಲವೆ? ಆ ಓಟದ ಕೆಲಸವನ್ನು ಗೇರ್ ಬಾಕ್ಸಿನಲ್ಲಿ ಮಾಡುವುದು ಹಿತ್ತಾಳೆಯ ಬಣ್ಣದ ಒಂದು ಉಂಗುರ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಮೊದಲು ಬಂದ ಈ ಏರ್ಪಾಡಿಗೆ ಸಿಂಕ್ರೊಮೆಷ್ ಎಂದು ಹೆಸರು. ಭಾವನವರ ಕಾರಿನಲ್ಲಿ ಮೊದಲನೆಯ ಗೇರಿಗೂ ರಿವರ್ಸಿಗೂ ಈ ಉಂಗುರವಿಲ್ಲ. ಗಾಡಿ ಪೂರ್ತಿ ನಿಲ್ಲದೆ ಮೊದಲನೆಯದಕ್ಕೆ ಎಳೆದರೆ ಹೊಚ್ಚಹೊಸ ಬಾಕ್ಸೂ ಕರ್ರೆನ್ನುತ್ತದೆ.

ಭಾನುವಾರ ಮುಂಜಾನೆ ಸೇಡಂ ಕಡೆಯಿಂದ ಒಬ್ಬ ವೃದ್ಧ ಮಿಸ್ತ್ರಿಯನ್ನು ಕರೆಸಿದೆವು. ಶಹಾಬಾದ ಕಲ್ಲು ಹೇರುವ ಲಾರಿಗಳ ಅಡಿಯಲ್ಲಿ ಆಯುಷ್ಯ ಕಳೆದವರು. ಅವರು ಪಾನಾ ಹೊರಗೆ ತೆಗೆಯಲೇ ಇಲ್ಲ. ಸಮತಟ್ಟಾದ ಅಂಗಳದಲ್ಲಿ ಎಂಜಿನ್ ಚಾಲೂ ಮಾಡಿಸಿ, ಕ್ಲಚ್ಚನ್ನು ಪೂರ್ತಿ ಒತ್ತಿಸಿ, ಬೆರಳು ಮಡಿಚಿ ಹತ್ತು ಎಣಿಸಿ, "ಈಗ ರಿವರ್ಸಿಗೆ ಹಾಕ್ರಿ, ಸಾವಕಾಶ" ಎಂದರು. ಕರ್ರೆಂದಿತು.

ಕ್ಲಚ್ಚು ಸರಿಯಾಗಿ ಬಿಟ್ಟಿದ್ದರೆ ಅಷ್ಟು ಹೊತ್ತಿಗೆ ಒಳಗಿನ ಚಕ್ರಗಳು ನಿಂತುಬಿಡಬೇಕು. ನಿಂತ ಚಕ್ರಗಳು ಹಲ್ಲು ಕಡಿಯಲಾರವು. ಕಡಿದವೆಂದರೆ ಎಂಜಿನ್ನು ಇನ್ನೂ ಅವುಗಳನ್ನು ಎಳೆಯುತ್ತಿದೆ, ತಪ್ಪು ಕ್ಲಚ್ಚಿನದು. ಬಗ್ಗಿ ನೋಡಿದರೆ ಕ್ಲಚ್ಚಿನ ಸ್ಲೇವ್ ಸಿಲಿಂಡರಿನ ರಬ್ಬರು ಒದ್ದೆಯಾಗಿತ್ತು. ಎಣ್ಣೆಯ ಡಬ್ಬಿ ಅರ್ಧ ಬರಿದಾಗಿತ್ತು. ರಬ್ಬರುಗಳನ್ನು ಬದಲಿಸಿ, ಕೊಳವೆಯೊಳಗಿನ ಗಾಳಿ ತೆಗೆದ ಮೇಲೆ ಮೊದಲನೆಯ ದೂರು ಮುಕ್ಕಾಲುಪಾಲು ಮಾಯವಾಯಿತು. ಮೇಲಿನ ಗೇರಿನಿಂದ ಎರಡನೆಯದಕ್ಕೆ ಅವಸರದಲ್ಲಿ ಇಳಿಸುವಾಗ ಮಾತ್ರ ಉಳಿಯಿತು.

ಎರಡನೆಯ ದೂರನ್ನು ನಾನೇ ಬಗೆಹರಿಸುತ್ತೇನೆಂದು ಮುಂದೆ ಬಂದೆ. ಸ್ಟಿಯರಿಂಗಿನ ಪಕ್ಕದ ಗೇರುಗಳಲ್ಲಿ ಹಿಡಿಕೆಗೂ ಪೆಟ್ಟಿಗೆಗೂ ನಡುವೆ ಸಲಾಕೆಗಳೂ ಬುಷ್‌ಗಳೂ ಇರುತ್ತವೆ. ಆ ಸೀಮೆಯ ಕಲ್ಲಿನ ಧೂಳು ಗ್ರೀಸಿನೊಂದಿಗೆ ಬೆರೆತರೆ ಸಾಣೆಯ ಪುಡಿಯಂತಾಗಿ ಬುಷ್‌ಗಳನ್ನು ತಿಂದುಹಾಕುತ್ತದೆ. ಆಮೇಲೆ ಹಿಡಿಕೆ ಎಷ್ಟು ಎಳೆದರೂ ಒಳಗಿನ ಕೀಲು ಅರ್ಧವೇ ಕೂಡುತ್ತದೆ. ಅರ್ಧ ಕೂಡಿದ್ದು ಇಳಿಜಾರಿನಲ್ಲಿ ಕಳಚದೆ ಏನು ಮಾಡೀತು? ಬುಷ್‌ಗಳನ್ನು ಹಾಕಿಸಿ, ಸಲಾಕೆಗಳ ಉದ್ದ ಹೊಂದಿಸಿ, ಹೆಮ್ಮೆಯಿಂದ ಗಾಡಿ ಹೊರಡಿಸಿದೆ. ಹಿಡಿಕೆಯ ಓಲಾಟ ನಿಂತಿತ್ತು. ಮೊದಲನೆಯ ಇಳಿಜಾರಿನಲ್ಲಿಯೇ ಮೂರನೆಯ ಗೇರು ಠಣ್ಣನೆ ಹೊರಗೆ ಬಂತು. ಭಾವನವರು ಕಿಟಕಿಯ ಹೊರಗೆ ನೋಡುತ್ತ ಕುಳಿತರು, ನಾನೂ ಮಾತನಾಡಲಿಲ್ಲ.

ಇನ್ನು ಸದ್ದು. ಮಿಸ್ತ್ರಿಯವರು ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಕುಳಿತು ಒಂದೊಂದೇ ಗೇರಿನಲ್ಲಿ ಓಡಿಸಿದರು. ಮೊದಲ ಮೂರರಲ್ಲಿಯೂ ಗುಂಯ್‌ಗುಟ್ಟಿತು. "ಈಗ ನಾಲ್ಕರಾಗ ಹಾಕ್ರಿ, ಸುಮ್ಮನಾಗ್ತದ ನೋಡ್ರಿ." ಸುಮ್ಮನಾಯಿತು. ನಾಲ್ಕನೆಯದರಲ್ಲಿ ಭಾರವಿಲ್ಲದ ಭಾಗ ಯಾವುದು? ಲೇ ಷಾಫ್ಟು. ಅಲ್ಲಿಗೆ ರೋಗದ ನೆಲೆ ಗೊತ್ತಾಯಿತು. ನಾಲ್ಕರಲ್ಲಿಯೂ ಸದ್ದು ಉಳಿದಿದ್ದರೆ ಮುಖ್ಯ ದಂಡಗಳ ಬೇರಿಂಗುಗಳನ್ನು ಶಂಕಿಸಬೇಕಾಗುತ್ತಿತ್ತು. ಒಂದೇ ಗೇರಿನಲ್ಲಿ ಕೇಳಿಸಿದ್ದರೆ ಆ ಗೇರಿನ ಹಲ್ಲುಗಳನ್ನು. ನಿಂತ ಗಾಡಿಯಲ್ಲಿ ಕ್ಲಚ್ ಒತ್ತಿದಾಗ ಮಾತ್ರ ಹುಟ್ಟುವ ಸದ್ದಾದರೆ ಅದು ಕ್ಲಚ್ಚಿನ ರಿಲೀಸ್ ಬೇರಿಂಗಿನದು, ಬಾಕ್ಸಿನದಲ್ಲ. ಕ್ಲಚ್ ಒತ್ತಿದಾಗ ಅಡಗುವ ಸದ್ದು ಬಾಕ್ಸಿನದು.

ಗ್ಯಾರೇಜಿನವರು ಎಡವಿದ್ದು ಬಹುಶಃ ಇಲ್ಲಿಯೇ. ಅವರೂ ಕ್ಲಚ್ ಒತ್ತಿ ಕಿವಿಗೊಟ್ಟಿರಬೇಕು. ಆದರೆ ಕ್ಲಚ್ಚು ಪೂರ್ತಿ ಬಿಡುತ್ತಿರಲಿಲ್ಲವಾಗಿ, ಒತ್ತಿದರೂ ಸದ್ದು ಅಡಗದೆ, ಎಲ್ಲವೂ ಕೆಟ್ಟಿದೆಯೆಂದು ತೋರಿರಬೇಕು. ಕ್ಲಚ್ಚನ್ನು ಮೊದಲು ಸರಿಪಡಿಸದೆ ಬಾಕ್ಸಿನ ಪರೀಕ್ಷೆ ಮಾಡಿದರೆ ಉತ್ತರವೇ ಸುಳ್ಳಾಗುತ್ತದೆ.

ಗಾಡಿ ಬಿಸಿಯಾಗಿರುವಾಗಲೇ ಬಾಕ್ಸಿನ ಎಣ್ಣೆಯನ್ನು ಬಟ್ಟೆಯ ಮೇಲೆ ಸೋಸಿದರು. ಬೂದುಬಣ್ಣದ ನುಣ್ಣನೆಯ ಕೆಸರಿಗೆ ಅಂಜಬೇಕಾಗಿಲ್ಲ. ಸವೆತ ಎಲ್ಲ ಬಾಕ್ಸುಗಳಲ್ಲಿಯೂ ಇದ್ದದ್ದೆ. ಇಲ್ಲಿ ಅಕ್ಕಿನುಚ್ಚಿನಂಥ ಚೂರುಗಳೂ ಇದ್ದು ಅಯಸ್ಕಾಂತಕ್ಕೆ ಅಂಟಿದವು: ಉಕ್ಕು. ಅಂಟದೆ ಬಟ್ಟೆಯ ಮೇಲೆ ಮಿನುಗಿದ ಹೊಂಬಣ್ಣದ ಪುಡಿ ಉಂಗುರದ್ದು. ಬಾಕ್ಸನ್ನು ಬಿಚ್ಚಲೇಬೇಕಾಯಿತು. ಹೊರಗಿನ ದೋಷವೇ ಎಲ್ಲವೂ ಎಂದು ವಾದಿಸಿದ್ದ ನಾನು ಸೋತೆ. ಸೋಮವಾರ ಬಂದ ಗುಜರಿಯವನನ್ನು ಅಕ್ಕ ಚಹ ಕೊಟ್ಟು ಕಳಿಸಿದಳು.

ಗಾಡಿಯನ್ನು ಎತ್ತಿ ನಿಲ್ಲಿಸಲು ಮನೆಯ ಹುಡುಗರು ಶಹಾಬಾದ ಚಪ್ಪಡಿಗಳನ್ನು ಹೊತ್ತು ತಂದು ಅಟ್ಟಿ ಒಟ್ಟಿದರು. ಮಿಸ್ತ್ರಿಯವರು ಗದರಿ ತೆಗೆಸಿದರು. ಆ ಕಲ್ಲು ನೆಲಕ್ಕೆ ಹಾಸಲು ಎಷ್ಟು ಚೆಂದವೋ ಭಾರ ಹೊರುವಾಗ ಅಷ್ಟೇ ದ್ರೋಹಿ, ಮುನ್ಸೂಚನೆಯಿಲ್ಲದೆ ಸೀಳುತ್ತದೆ. ದಪ್ಪ ಮರದ ದಿಮ್ಮಿಗಳ ಮೇಲೆ ಗಾಡಿ ಕೂರಿಸಿದ ಮೇಲೆಯೇ ಅವರು ಕೆಳಗೆ ಹೋದರು. ಬರಿಯ ಜ್ಯಾಕಿನ ಮೇಲಿರುವ ಗಾಡಿಯ ಕೆಳಗೆ ಯಾರೂ ತಲೆ ಹಾಕಬಾರದು.

ಬಿಚ್ಚಿದಾಗ ಕಂಡದ್ದಿಷ್ಟು: ಲೇ ಷಾಫ್ಟಿನ ದಂಡದ ಮೇಲೆ, ಸೂಜಿಯಂಥ ರೋಲರುಗಳು ಉರುಳುವ ಜಾಗದಲ್ಲಿ, ಸಿಡುಬಿನ ಕಲೆಗಳಂತೆ ಗುಳಿಗಳು. ಉಗುರಾಡಿಸಿದರೆ ತಡೆಯುತ್ತಿತ್ತು. ದಂಡ, ರೋಲರು ಎರಡನ್ನೂ ಕೂಡಿಯೇ ಬದಲಿಸಬೇಕು. ಗುಳಿಬಿದ್ದ ದಂಡದ ಮೇಲೆ ಹೊಸ ರೋಲರು ಹೆಚ್ಚು ದಿನ ಬಾಳದು. ಎರಡನೆಯ ಗೇರಿನ ಉಂಗುರವನ್ನು ಅದರ ಶಂಕುವಿನ ಮೇಲೆ ಕೈಯಿಂದ ಒತ್ತಿ ತಿರುಚಿದರೆ ಹಿಡಿಯದೆ ಜಾರಿತು. ಉಂಗುರಕ್ಕೂ ಗೇರಿನ ಹಲ್ಲುಗಳಿಗೂ ನಡುವೆ ಇರಬೇಕಾದ ಸಂದು ಮುಚ್ಚಿಹೋಗಿತ್ತು. ಮೂರನೆಯ ಗೇರಿನ ಕಳಚಾಟಕ್ಕೆ ಕಾರಣವೋ, ನಗೆ ತರಿಸುವಷ್ಟು ಸಣ್ಣದು: ಗೇರನ್ನು ಸ್ಥಾನದಲ್ಲಿ ಹಿಡಿದಿಡುವ ಗುಂಡಿನ ಹಿಂದಿನ ಸ್ಪ್ರಿಂಗು. ಪಕ್ಕದ ಸ್ಪ್ರಿಂಗಿನೊಂದಿಗೆ ನಿಲ್ಲಿಸಿ ನೋಡಿದರೆ ಗಿಡ್ಡದಾಗಿತ್ತು. ಗೇರಿನ ಹಲ್ಲುಗಳು, ಫೋರ್ಕುಗಳು, ದೊಡ್ಡ ಬೇರಿಂಗುಗಳು ಎಲ್ಲವೂ ಗಟ್ಟಿಯಾಗಿದ್ದವು.

ಅಂಬಾಸಡರುಗಳ ತಯಾರಿಕೆ 2014ರಲ್ಲಿಯೇ ನಿಂತಿತು. ಆದರೂ ಐವತ್ತಕ್ಕೂ ಹೆಚ್ಚು ವರ್ಷ ಬಂಗಾಳದ ಉತ್ತರಪಾರಾದಿಂದ ಹೊರಬಿದ್ದ ಗಾಡಿಯಾದ್ದರಿಂದ ಬಿಡಿಭಾಗಗಳು ಹುಡುಕಿದರೆ ಸಿಗುತ್ತವೆ. ಭಾವನವರು ಹಳೆಯ ದಂಡವನ್ನೂ ಉಂಗುರವನ್ನೂ ಚೀಲದಲ್ಲಿ ಹಾಕಿಕೊಂಡು ಹೈದರಾಬಾದಿಗೆ ಹೋಗಿ, ಪಕ್ಕದಲ್ಲಿಟ್ಟು ಅಳೆದು ತಂದರು. ಹೆಸರು ಹೇಳಿ ಕೊಂಡರೆ ಮೋಸವಾಗುವ ಸಂಭವವುಂಟು. 1990ರ ದಶಕದಲ್ಲಿ ಬಂದ ಇಸುಜು ಎಂಜಿನ್ನಿನ ಅಂಬಾಸಡರುಗಳ ಐದು ಗೇರಿನ ಬಾಕ್ಸೇ ಬೇರೆ, ಅದರ ಸಾಮಾನು ಇದಕ್ಕೆ ಕೂಡುವುದಿಲ್ಲ.

ಎಣ್ಣೆಯ ವಿಷಯ ಒಂದು ಮಾತು. ಸದ್ದಡಗಿಸಲೆಂದು ಗಟ್ಟಿ ಎಣ್ಣೆ ಸುರಿಯುವವರುಂಟು. ಹಿಂದಿನ ಕಾಲದ ಕೆಲವು ದಲ್ಲಾಳಿಗಳು ಮರದ ಹೊಟ್ಟನ್ನೇ ತುಂಬಿ ಗಾಡಿ ಮಾರುತ್ತಿದ್ದರಂತೆ. ಹಳೆಯ ಗಾಡಿ ಕೊಳ್ಳುವವರು ಬಾಕ್ಸಿನ ಎಣ್ಣೆಯನ್ನು ಒಂದಿಷ್ಟು ಬೆರಳಿಗೆ ಹಚ್ಚಿಕೊಂಡು ನೋಡುವುದು ಒಳಿತು. ಗಾಡಿಯ ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ಹಾಕಬೇಕು. ಹಿಂಬದಿಯ ಆಕ್ಸಲ್ಲಿಗೆಂದು ಮಾಡಿದ ಕೆಲವು ತೀಕ್ಷ್ಣ ಎಣ್ಣೆಗಳು ಹಿತ್ತಾಳೆ ಜಾತಿಯ ಉಂಗುರಗಳನ್ನು ಕೊರೆಯಬಲ್ಲವು. ಭಾವನವರು ಇಷ್ಟು ವರ್ಷ ಅಂಗಡಿಯವನು ಕೊಟ್ಟದ್ದನ್ನು ಹುಯ್ಯುತ್ತಿದ್ದರು. ಏನು ಕೊಟ್ಟನೆಂದು ಅವನಿಗೂ ನೆನಪಿಲ್ಲ.

ಒಟ್ಟು ಖರ್ಚು ಚೀಟಿಯ ಮೊತ್ತದ ಮೂರರಲ್ಲೊಂದು ಪಾಲು ಮುಟ್ಟಲಿಲ್ಲ. ಮುಂದಿನ ಗುರುವಾರ ಅತ್ತೆಯವರನ್ನು ಕೂರಿಸಿಕೊಂಡು ಕಲಬುರಗಿಗೆ ಹೊರಟೆವು. ಅಂಗಳದಿಂದ ಹಿಂದಕ್ಕೆ ತೆಗೆಯುವಾಗ ಗಾಡಿ ಊಂ ಎಂದು ರಾಗ ಎಳೆಯಿತು. ರಿವರ್ಸಿನ ಹಲ್ಲುಗಳು ನೇರವಾಗಿ ಕೊರೆದವು. ಎಷ್ಟು ಹೊಸದಾದರೂ ಆ ಸದ್ದು ಹೋಗುವುದಿಲ್ಲ.

"ಇಷ್ಟು ರೊಕ್ಕ ಹಾಕೀರಿ, ಇನ್ನಾ ಅಳ್ತದಲ್ಲೋ ಇದು" ಎಂದರು ಅತ್ತೆಯವರು.

"ಹಿಂದ ಸರಿಯಾಗ ಅದು ಹಂಗೇ ಅಳೋದಬೇ ಅವ್ವಾ" ಎಂದು ಭಾವನವರು ಹಿಡಿಕೆಯನ್ನು ಮೊದಲನೆಯ ಗೇರಿಗೆ ಎಳೆದರು.