ಹಿತ್ತಲಿಗೆ ಸಿಮೆಂಟು

ಕಳೆದ ಕಾರ್ತಿಕದಲ್ಲಿ ಬೆಂಗಳೂರಿನಿಂದ ಬಂದ ಮಗಳು ಬ್ಯಾಗಿನಿಂದ ಒಂದು ಕಟ್ಟು ಸೊಪ್ಪು ತೆಗೆದು ಮೇಜಿನ ಮೇಲಿಟ್ಟಳು. ಕಡು ಹಸಿರು, ಅಂಚೆಲ್ಲ ಸುರುಳಿ ಸುರುಳಿ. "ಅಮ್ಮಾ, ಇದು ಕೇಲ್. ತುಂಬ ಒಳ್ಳೆಯದು" ಎಂದಳು. ಬೆಲೆ ಕೇಳಿದೆ. ಹೇಳಿದಳು. ಆ ದುಡ್ಡಿಗೆ ನಮ್ಮ ಮಂಡ್ಯದ ಕಡೆ ಸಂತೆಯಲ್ಲಿ ವಾರದ ಸೊಪ್ಪು ಬರುತ್ತದೆ.

ಕೇಲ್ ಮೇಲೆ ನನಗೇನೂ ಕೋಪವಿಲ್ಲ. ಅದು ಎಲೆಕೋಸಿನ ಒಡಹುಟ್ಟು; ಕೋಸು ಕಟ್ಟದೆ ಎಲೆ ಬಿಡುತ್ತದೆ, ಅಷ್ಟೆ. ಮಗಳು ತಂದ ಬೀಜವನ್ನು ಕುಂಡದಲ್ಲಿ ಬೆಳೆದೂ ನೋಡಿದೆ. ಎರಡು ತಿಂಗಳಿಗೆ ಕೈಗೆ ಬಂತು. ಕೆಳಗಿನ ಎಲೆಗಳನ್ನಷ್ಟೇ ಮುರಿದುಕೊಂಡು ನಡುವಿನ ಸುಳಿ ಬಿಟ್ಟರೆ ಮತ್ತೆ ಮತ್ತೆ ಕೊಡುತ್ತದೆ. ಆದರೆ ಅದು ಚಳಿಸೀಮೆಯ ಗಿಡ. ಶಿವರಾತ್ರಿ ಕಳೆದು ಬಿಸಿಲೇರಿದಂತೆ ಎಲೆ ಒರಟಾಯಿತು, ಕಹಿಯಾಯಿತು, ಗಿಡಹೇನು ಮುತ್ತಿತು.

ನನ್ನ ಜಗಳ ನಮ್ಮ ಬುದ್ಧಿಯ ಜೊತೆ. ಹರಿವೆಗೆ ಏನು ಕಡಿಮೆಯಾಗಿತ್ತು? ಬೀಜವನ್ನು ಮರಳಿನೊಂದಿಗೆ ಬೆರೆಸಿ ಚೆಲ್ಲಿದರೆ ತಿಂಗಳೊಪ್ಪತ್ತಿನಲ್ಲಿ ಬಸ್ಸಾರಿಗಾಗುತ್ತದೆ. ಬೇರುಸಹಿತ ಕೀಳದೆ ನಾಲ್ಕು ಬೆರಳು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಬಸಳೆಗೆ ಒಂದು ತುಂಡು ದಂಟು ಸಾಕು, ನುಗ್ಗೆಗೆ ಒಂದು ಕೊಂಬೆ. ಪ್ಲಾಸ್ಟಿಕ್ ಚೀಲದಲ್ಲಿ ಇಂಗ್ಲಿಷ್ ಹೆಸರು ಹೊತ್ತು ಬರಲಿಲ್ಲ ಎಂಬುದೇ ಇವುಗಳ ದೋಷವೆ?

ಇನ್ನೊಬ್ಬರನ್ನು ಬೈಯುವ ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. "ಹಿತ್ತಲ ಗಿಡ ಮದ್ದಲ್ಲ" ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ವರ್ಷ ವರ್ಷವೂ ಮಕ್ಕಳಿಗೆ ಕೊಡುವವಳು ನಾನು. ಹಳೆಯ ಮನೆ ಕೆಡವಿ ಕಟ್ಟಿಸಿದಾಗ, "ಕೆಸರು ಬೇಡ, ಗೋಡೆಯಿಂದ ಗೋಡೆಗೆ ಸಿಮೆಂಟು ಹಾಕಿಬಿಡಿ" ಎಂದು ಮೇಸ್ತ್ರಿಗೆ ಹೇಳಿದವಳೂ ನಾನೇ. ಅತ್ತೆಯವರು ಸಾಕಿದ್ದ ಚಕ್ರಮುನಿ ಅಂದೇ ಹೋಯಿತು. ಅವರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಇದು ಬರಿಯ ರುಚಿಯ ಮಾತಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ತಲೆ ಸುತ್ತಿ ಬಿದ್ದ ಹುಡುಗಿಯರನ್ನು ಎತ್ತಿ ಕೂರಿಸಿ ನನಗೆ ಸಾಕಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಸೊಪ್ಪೊಂದರಿಂದಲೇ ಅದು ವಾಸಿಯಾಗದು. ವೈದ್ಯರು ಕೊಟ್ಟ ಮಾತ್ರೆ ನುಂಗಲೇಬೇಕು. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ನಿಂಬೆಹುಳಿ ಬೇಕು, ಊಟದ ಬೆನ್ನಿಗೇ ಕಾಫಿ ಬೇಡ. ಇದನ್ನೆಲ್ಲ ಪಾಠ ಹೇಳಬಹುದು. ತಟ್ಟೆಯಲ್ಲಿ ಸೊಪ್ಪೇ ಇಲ್ಲದಿದ್ದರೆ ನಿಂಬೆ ಯಾವುದಕ್ಕೆ ಹಿಂಡುವುದು?

"ಸೊಪ್ಪು ಬಿಡಿಸಲು ಪುರುಸೊತ್ತೆಲ್ಲಿ ಟೀಚರ್?" ಎನ್ನುತ್ತಾರೆ ಪಕ್ಕದ ಮನೆಯವರು. ನಿಜವೇ. ಆ ಕೆಲಸ ನಮ್ಮ ತಲೆಗೇ ಬೀಳುತ್ತದೆ. ಅದಕ್ಕೆ ಉಪಾಯ ಸೊಪ್ಪು ಬಿಡುವುದಲ್ಲ, ಟಿ.ವಿ. ಮುಂದೆ ಕೂತವರ ತೊಡೆಯ ಮೇಲೆ ಮೊರ ಇಡುವುದು. ನಾನು ಇಟ್ಟಿದ್ದೇನೆ. ಮೊದಲ ದಿನ ಗೊಣಗಿದರು, ಈಗ ಹುಳುಕೆಲೆಯನ್ನು ನನಗಿಂತ ಚೆನ್ನಾಗಿ ಆರಿಸುತ್ತಾರೆ.

ಈ ಬೇಸಿಗೆ ರಜೆಯಲ್ಲಿ ಹಿತ್ತಲ ಮೂಲೆಯಲ್ಲಿ ಆರಡಿ ಸಿಮೆಂಟು ಒಡೆಸಿದೆ. ಹಾಕಿಸುವಾಗ ಕೊಟ್ಟದ್ದಕ್ಕಿಂತ ಒಡೆಸಲು ಹೆಚ್ಚು ಕೂಲಿ ಕೊಟ್ಟೆ. ಅತ್ತೆಯವರು ಈಗಿಲ್ಲ. ಹಿಂದಿನ ಬೀದಿಯವರಿಂದ ಚಕ್ರಮುನಿ ಕಡ್ಡಿ ತಂದು ನೆಟ್ಟೆ, ಚಿಗುರಿದೆ. ಚಳಿಗಾಲಕ್ಕೆ ಮಗಳು ಬಂದರೆ ಪಕ್ಕದಲ್ಲೇ ಅವಳ ಕೇಲ್ ಬೀಜವನ್ನೂ ಹಾಕಲಿ. ಮಣ್ಣಿದೆ.